ಗುಡುಗಿದರೆ ನಮ್ಮ ಜನ ಮನೆಗೆ ಓಡುವುದಿಲ್ಲ, ಕಣಕ್ಕೆ ಓಡುತ್ತಾರೆ

ಮಾನ್ಯ ಸಂಪಾದಕರೆ,

ನಮಸ್ಕಾರ. ಪ್ರತಿ ವರ್ಷ ಫೆಬ್ರವರಿ ಮುಗಿಯುವ ಹೊತ್ತಿಗೆ ಹವಾಮಾನ ಇಲಾಖೆ ಮಾರ್ಚ್‌ನಿಂದ ಮೇ ತನಕದ ಮುನ್ಸೂಚನೆ ಹೊರಡಿಸುತ್ತದೆ. ಮಾರನೇ ದಿನ ಪತ್ರಿಕೆ ತೆರೆದರೆ ದೇಶದ ನಕಾಶೆ ತುಂಬ ಕೆಂಪು, ಪಕ್ಕದಲ್ಲಿ ಎಳನೀರು ಕುಡಿಯುವವರ ಫೋಟೊ, ಕೆಳಗೆ ಈ ಬಾರಿ ಬಿಸಿಲು ಜಾಸ್ತಿ ಅನ್ನುವ ಸುದ್ದಿ. ಅಲ್ಲಿಂದ ಮೂರು ತಿಂಗಳು ನಿಮ್ಮಲ್ಲಿ ದಿನಾ ಒಂದೇ ಲೆಕ್ಕ: ಕಲಬುರಗಿ ಎಷ್ಟು ಡಿಗ್ರಿ, ರಾಯಚೂರು ಎಷ್ಟು, ಬಳ್ಳಾರಿ ಎಷ್ಟು. ತಪ್ಪು ಅಂತ ಹೇಳುತ್ತಿಲ್ಲ. ಬಿಸಿಲು ಏನು ಅಂತ ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಮೂರು ತಿಂಗಳಲ್ಲಿ ಹೊಲದಲ್ಲಿದ್ದವರನ್ನು ನಿಂತ ಜಾಗದಲ್ಲೇ ಕೆಡವುವುದು ಸಿಡಿಲು. ಅದರ ಸುದ್ದಿ ನಿಮ್ಮಲ್ಲಿ ಬರುವುದು ಆಳು ಹೋದ ಮೇಲೆ, ಜಿಲ್ಲಾ ಪುಟದ ಮೂಲೆಯಲ್ಲಿ, ನಾಲ್ಕು ಸಾಲು.

ಅಂಕಿ ಬೇಕು ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕವೇ ಇದೆ. 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಕ್ಕೆ ಸತ್ತವರು 8,060 ಜನ. ಅದರಲ್ಲಿ ಸಿಡಿಲಿಗೆ 2,887. ಬಿಸಿಲಿನ ಹೊಡೆತಕ್ಕೆ 730. ಬಿಸಿಲಿನ ಸಾವು ಸರಿಯಾಗಿ ದಾಖಲಾಗುವುದಿಲ್ಲ, ಹಾರ್ಟ್ ಅಟ್ಯಾಕ್ ಅಂತಲೋ ವಯಸ್ಸಾಗಿತ್ತು ಅಂತಲೋ ಬರೆದು ಮುಗಿಸುತ್ತಾರೆ, ಹಾಗಾಗಿ ಆ 730ನ್ನು ನಾನಂತೂ ನಂಬುವುದಿಲ್ಲ. ಸಿಡಿಲಿಗೆ ಸಾಯುವವರಲ್ಲಿ ಮಧ್ಯಪ್ರದೇಶ, ಬಿಹಾರ, ಒಡಿಶಾದವರೇ ಜಾಸ್ತಿ, ಅಲ್ಲಿ ಮುಂಗಾರಿನಲ್ಲೂ ಸಾಯುತ್ತಾರೆ, ಅದೂ ನಿಜ. ಇಷ್ಟೆಲ್ಲ ಕಳೆದು ನೋಡಿದರೂ ಸಿಡಿಲು ಮೂಲೆ ಸುದ್ದಿ ಆಗುವಷ್ಟು ಸಣ್ಣದಲ್ಲ. ಅದರಲ್ಲೂ ನಮ್ಮ ದಕ್ಷಿಣದಲ್ಲಿ ಸಿಡಿಲಿನ ಕಾಲ ಅಂದ್ರೆ ಏಪ್ರಿಲ್, ಮೇ.

ಇಷ್ಟು ದೊಡ್ಡ ದೇಶದಲ್ಲಿ ಈ ಕಾಲಕ್ಕೆ ಒಂದೊಂದು ಕಡೆ ಒಂದೊಂದು ಥರ. ಮೆಡಿಟರೇನಿಯನ್ ಕಡೆಯಿಂದ ಹೊರಟ, ಪಶ್ಚಿಮದ ಕ್ಷೋಭೆ ಅನ್ನುವ ಗಾಳಿ ಮಳೆಯ ಸುಳಿ ಪಾಕಿಸ್ತಾನ ದಾಟಿ ರಾಜಸ್ಥಾನ, ಉತ್ತರ ಪ್ರದೇಶಕ್ಕೆ ಬರುವಾಗ ಅಲ್ಲಿನ ನೆಲ ಆಗಲೇ ಕಾದಿರುತ್ತದೆ. 2018ರ ಮೇ ಮೊದಲ ವಾರ ಆಗ್ರಾ, ಭರತ್‌ಪುರ ಕಡೆ ಬೀಸಿದ ಧೂಳು ಗಾಳಿಗೆ ನೂರಕ್ಕೂ ಹೆಚ್ಚು ಜನ ಹೋದರು. ಜಾಸ್ತಿ ಮಂದಿ ಮಲಗಿದ್ದಲ್ಲೇ, ಗೋಡೆ ಬಿದ್ದು. ಬಂಗಾಳ, ಜಾರ್ಖಂಡ್ ಕಡೆ ಇದೇ ಕಾಲಕ್ಕೆ ಕಾಲಬೈಸಾಖಿ ಅನ್ನುವ ಗುಡುಗು ಸಿಡಿಲಿನ ಬಿರುಗಾಳಿ ಬರುತ್ತದೆ. ಬಿಹಾರದಲ್ಲಿ 2025ರ ಏಪ್ರಿಲ್ ಎರಡನೇ ವಾರ ಸಿಡಿಲು, ಆಲಿಕಲ್ಲು, ಬಿರುಗಾಳಿ ಒಟ್ಟಿಗೇ ಬಂದು ಹತ್ತಾರು ಜನರನ್ನು ತೆಗೆದುಕೊಂಡಿತು. ಮುಂಬೈಯ ಘಾಟ್‌ಕೋಪರ್‌ನಲ್ಲಿ 2024ರ ಮೇ 13ರಂದು ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಅದು ಕೂಡ ಬೇಸಿಗೆಯ ಒಂದು ಗಾಳಿ ಮಳೆಯೇ.

ಬೆಟ್ಟದ ಮೇಲಿನ ಕಥೆ ಇನ್ನೂ ಬೇರೆ. ಉತ್ತರಾಖಂಡದ ಮಾಣಾದಲ್ಲಿ 2025ರ ಫೆಬ್ರವರಿ 28ರಂದು ರಸ್ತೆ ಕೆಲಸದವರ ಕ್ಯಾಂಪ್ ಮೇಲೆ ಹಿಮ ಕುಸಿದು 8 ಜನ ಸತ್ತರು. ಅದೇ ರಾಜ್ಯದ ಸಹಸ್ರ ತಾಲ್ ಚಾರಣಕ್ಕೆ ಹೋಗಿದ್ದ, ನಮ್ಮ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡದಲ್ಲಿ 9 ಜನ ಹಿಮಗಾಳಿಗೆ ಸಿಕ್ಕು ವಾಪಸ್ ಬರಲಿಲ್ಲ, 2024ರ ಜೂನ್ ಮೊದಲ ವಾರ. ನಾವು ಇಲ್ಲಿ ಫ್ಯಾನ್ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ ದಿನಗಳವು.

ನಮ್ಮ ಕಡೆಯ ವಿಚಾರಕ್ಕೆ ಬರುತ್ತೇನೆ. ಹಗಲೆಲ್ಲ ನೆಲ ಕಾಯುತ್ತದೆ. ಬಂಗಾಳ ಕೊಲ್ಲಿಯಿಂದ, ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಒಳನಾಡಿನಲ್ಲಿ ಒಂದಕ್ಕೊಂದು ಎದುರಾಗುತ್ತದೆ. ಮಧ್ಯಾಹ್ನದ ಮೇಲೆ ನೋಡ ನೋಡುತ್ತಿದ್ದಂತೆ ಮೋಡ ಹತ್ತು ಕಿಲೋಮೀಟರ್‌ಗಿಂತ ಎತ್ತರಕ್ಕೆ ಎದ್ದುಬಿಡುತ್ತದೆ. ಅಂದ್ರೆ ಬಿಸಿಲು ಜೋರಾಗಿದ್ದ ದಿನವೇ ಸಂಜೆ ಸಿಡಿಲಿನ ಭಯವೂ ಜಾಸ್ತಿ. ಬೆಳಿಗ್ಗೆ ಆಕಾಶ ಸ್ವಚ್ಛವಾಗಿರುತ್ತದೆ, ಒಂದು ತುಣುಕು ಮೋಡ ಇರುವುದಿಲ್ಲ, ಹಾಗಾಗಿ ಮಳೆ ಅಂದ್ರೆ ಯಾರೂ ನಂಬುವುದಿಲ್ಲ. ನಿಮ್ಮ ಪತ್ರಿಕೆಯಲ್ಲಿ 41 ಡಿಗ್ರಿ ಅಂತ ಹಾಕುತ್ತೀರಿ ನೋಡಿ, ಅದರ ಪಕ್ಕದಲ್ಲೇ ಸಂಜೆ ಏನಾಗಬಹುದು ಅಂತಲೂ ಬರಬೇಕಿತ್ತು.

ಇನ್ನೊಂದು ತೊಡಕಿದೆ. ಈ ಮಳೆ ನಮಗೆ ಬೇಕಾದ ಮಳೆ. ರೇವತಿ, ಅಶ್ವಿನಿ, ಭರಣಿ, ಕೃತ್ತಿಕಾ ಅಂತ ಒಂದೊಂದನ್ನೂ ಹೆಸರಿಟ್ಟು ಕಾಯುವವರು ನಾವು. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಗಾದೆಯೇ ಇದೆ. ಕೊಡಗು, ಚಿಕ್ಕಮಗಳೂರಿನವರಿಗೆ ಕಾಫಿ ಹೂ ಬಿಡಲು ಹೂಮಳೆ ಬೇಕೇ ಬೇಕು. ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡಿಸುವ ಊರಿಗೆ ಹೋಗಿ ಮಳೆಗೆ ಹೆದರಿ ಅಂದ್ರೆ ಯಾರ ಕಿವಿಗೆ ಹೋಗುತ್ತದೆ ಹೇಳಿ?

ನನ್ನದು ಗಂಗಾವತಿ ಕಡೆ ಒಂದು ಸಣ್ಣ ಗೊಬ್ಬರ, ಬೀಜದ ಅಂಗಡಿ. ಕಾಲುವೆಗೆ ನೀರು ಬಿಟ್ಟ ವರ್ಷ ಬೇಸಿಗೆ ಭತ್ತದ ಕಟಾವು ಏಪ್ರಿಲ್ ಹೊತ್ತಿಗೆ ಶುರುವಾಗುತ್ತದೆ. ಮಷೀನು ಕೊಯ್ದು ಟ್ರ್ಯಾಕ್ಟರಿಗೆ ಸುರಿದ ಭತ್ತ ಹಸಿ ಇರುತ್ತದೆ. ಅದನ್ನು ಕಣದಲ್ಲಿ, ರಸ್ತೆ ಮೇಲೆ, ಗುಡಿ ಮುಂದಿನ ಬಯಲಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಒಣಹಾಕುತ್ತಾರೆ. ಮೂರು, ಮೂರೂವರೆಗೆ ಇದ್ದಕ್ಕಿದ್ದಂತೆ ಗಾಳಿ ತಣ್ಣಗಾಗುತ್ತದೆ. ಅಂಗಡಿ ಮುಂದಿನ ಧೂಳು ಸುತ್ತಿಕೊಂಡು ಏಳುತ್ತದೆ. ಎಲ್ಲೋ ದೂರದಲ್ಲಿ ಗುಡುಗಿದ ಸದ್ದು. ಅಷ್ಟೇ, ಕಟ್ಟೆ ಮೇಲೆ ಕೂತವರೆಲ್ಲ ಒಂದೇ ಸಲ ಬೈಕ್ ಹತ್ತುತ್ತಾರೆ. ಯಾರೂ ಮನೆಗೆ ಹೋಗುವುದಿಲ್ಲ. ತಾಡಪತ್ರಿ ಕಂಕುಳಲ್ಲಿ ಹಿಡಿದು ಕಣಕ್ಕೆ ಹೋಗುತ್ತಾರೆ. ಒಬ್ಬರು ಸಲಿಕೆಯಿಂದ ಭತ್ತ ಎಳೆಯುತ್ತಾರೆ, ಇನ್ನೊಬ್ಬರು ರಾಶಿ ಮೇಲೆ ಹತ್ತಿ ತಾಡಪತ್ರಿ ಎಳೆದು ಅಂಚಿಗೆ ಕಲ್ಲು ಇಡುತ್ತಾರೆ. ಸುತ್ತ ಒಂದು ಮೈಲಿ ಕೊಯ್ದ ಗದ್ದೆ. ಆ ಬಯಲಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವುದು ರಾಶಿ ಮೇಲಿನ ಆ ಮನುಷ್ಯ.

ಅದೇ ಹೊತ್ತಿಗೆ ಇನ್ನೊಬ್ಬ ಮೋಟಾರ್ ಆಫ್ ಮಾಡಲು ಸ್ಟಾರ್ಟರ್ ಡಬ್ಬಿ ಹತ್ತಿರ ಓಡುತ್ತಿರುತ್ತಾನೆ. ಕಟ್ಟಿದ ದನ ಬಿಚ್ಚಲು ಯಾರದೋ ಮನೆಯ ಹೆಣ್ಣುಮಗಳು ಹೋಗಿರುತ್ತಾಳೆ. ಕುಷ್ಟಗಿ, ಯಲಬುರ್ಗಾ ಕಡೆ ಕುರಿ ಕಾಯುವವರು ಇಡೀ ಹಿಂಡನ್ನು ಬೇವಿನ ಮರದ ಕೆಳಗೆ ತಂದು ತಾವೂ ಅಲ್ಲೇ ನಿಲ್ಲುತ್ತಾರೆ. ಮರಕ್ಕೆ ಬಡಿದ ಸಿಡಿಲು ಮರದಿಂದ ಪಕ್ಕಕ್ಕೆ ಜಿಗಿಯುತ್ತದೆ, ನೆಲದಲ್ಲೂ ಹರಿಯುತ್ತದೆ. ಮುಂಗಾಲು ಹಿಂಗಾಲು ದೂರ ಇರುವುದರಿಂದ ನೆಲದ ಕರೆಂಟು ಕುರಿಯ ಎದೆಯ ಮೂಲಕವೇ ದಾಟುತ್ತದೆ, ಅದಕ್ಕೇ ಒಂದೇ ಏಟಿಗೆ ಅಷ್ಟೊಂದು ಕುರಿ ಸಾಯುತ್ತವೆ.

ಇವರಿಗೆ ತಿಳಿವಳಿಕೆ ಇಲ್ಲ ಅಂತ ದಯವಿಟ್ಟು ಬರೆಯಬೇಡಿ. ಜಾಗೃತಿ ಮೂಡಿಸಬೇಕು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಮರದ ಕೆಳಗೆ ನಿಲ್ಲಬಾರದು ಅಂತ ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ಆದರೆ ಭತ್ತ ನೆಂದರೆ ಅದೇ ಸಂಜೆ ವ್ಯಾಪಾರಿ ರೇಟು ಇಳಿಸುತ್ತಾನೆ. ಮೊಳಕೆ ಬಂದರೆ ಕೇಳುವವರೇ ಇಲ್ಲ. ಸಿಡಿಲು ಬಡಿದರೂ ಬಡಿಯಬಹುದು, ಬಡಿಯದೆಯೂ ಇರಬಹುದು. ಮುಚ್ಚದ ಭತ್ತ ನೆನೆಯುವುದು ಮಾತ್ರ ಗ್ಯಾರಂಟಿ. ನನ್ನ ಅಂಗಡಿ ಸಾಲದ ಪುಸ್ತಕ ನೋಡಿದರೆ ಅವರು ಯಾಕೆ ಓಡುತ್ತಾರೆ ಅಂತ ನಿಮಗೂ ಗೊತ್ತಾಗುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕಿದವರು, ವಿಜಯಪುರದಲ್ಲಿ ಒಣದ್ರಾಕ್ಷಿ ಶೆಡ್ ಇರುವವರು, ಎಲ್ಲರದ್ದೂ ಇದೇ ಲೆಕ್ಕಾಚಾರ.

ಅದಕ್ಕೇ ನಾನು ಹೇಳುವುದು, ಎಚ್ಚರಿಕೆಯನ್ನು ಮನುಷ್ಯರಿಗೆ ಬರೆಯಬೇಡಿ, ಭತ್ತಕ್ಕೆ ಬರೆಯಿರಿ. ಮನೆಯಿಂದ ಹೊರಗೆ ಬರಬೇಡಿ ಅಂದ್ರೆ ಯಾರೂ ಕೇಳುವುದಿಲ್ಲ. ಇವತ್ತು ಮೂರು ಗಂಟೆ ಮೇಲೆ ಗುಡುಗು ಮಳೆ ಬರುವ ಹಾಗಿದೆ, ಊಟಕ್ಕೆ ಮೊದಲೇ ರಾಶಿ ಮುಚ್ಚಿ, ದನ ಕೊಟ್ಟಿಗೆಗೆ ಹೊಡೆಯಿರಿ, ಮೋಟಾರ್ ಬಂದ್ ಮಾಡಿ ಅಂತ ಬೆಳಿಗ್ಗೆಯೇ ಪತ್ರಿಕೆಯಲ್ಲಿ ಬಂದರೆ ಕೇಳುತ್ತಾರೆ. ಯಾಕಂದ್ರೆ ಅದರಲ್ಲಿ ದುಡ್ಡಿನ ಮಾತಿದೆ. ರಾಶಿ ಎರಡು ಗಂಟೆಗೇ ಮುಚ್ಚಿದ್ದರೆ ಮೂರೂವರೆಗೆ ಯಾರೂ ಕಣಕ್ಕೆ ಓಡುವುದಿಲ್ಲ, ತಡೆಯಲು ಬೇರೆ ಭಾಷಣ ಬೇಕಾಗಿಲ್ಲ. ಒಮ್ಮೊಮ್ಮೆ ಮಳೆ ಬರುವುದಿಲ್ಲ. ಆಗ ಬೈಯುತ್ತಾರೆ, ನಿಮ್ಮನ್ನೂ ಇಲಾಖೆಯನ್ನೂ ಸೇರಿಸಿ. ಬೈಸಿಕೊಳ್ಳಿ.

ಈಗ ಎಚ್ಚರಿಕೆ ಬರುವುದೇ ಇಲ್ಲ ಅಂತಲ್ಲ. ಹವಾಮಾನ ಇಲಾಖೆ ಮೂರು ಗಂಟೆ ಮುಂಚಿನ ಸೂಚನೆ ಕೊಡುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ಅದರಲ್ಲಿ ಜಿಲ್ಲೆಯ ಹೆಸರಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಕುಷ್ಟಗಿಯಲ್ಲಿ ಸುರಿದರೆ ಗಂಗಾವತಿಯಲ್ಲಿ ಬರೀ ಧೂಳು. ಹೀಗಾಗಿ ಎರಡು ಸಲ ಮೆಸೇಜ್ ನೋಡಿ ಮಳೆ ಬರಲಿಲ್ಲ ಅಂದ್ರೆ ಮೂರನೇ ಸಲ ನೋಡುವುದನ್ನೇ ಬಿಡುತ್ತಾರೆ. ಮೇಲಾಗಿ ಗುಡುಗು ಶುರುವಾದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಮೊಬೈಲ್ ಸ್ವಿಚ್ ಆಫ್ ಮಾಡುವುದು. ಮೊಬೈಲಿಗೆ ಸಿಡಿಲು ಹೊಡೆಯುತ್ತದೆ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಕೈಯಲ್ಲಿರುವ ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಗೋಡೆಗೆ ತಂತಿ ಇರುವ ಹಳೇ ಲ್ಯಾಂಡ್‌ಲೈನ್ ಆದರೆ ಬೇರೆ ಮಾತು. ಎಚ್ಚರಿಕೆ ಬರುವ ಹೊತ್ತಿಗೇ ಫೋನ್ ಬಂದ್ ಆದರೆ ಆ ಮೆಸೇಜ್ ಕಳಿಸಿ ಏನು ಬಂತು? ನಿಮ್ಮ ಪತ್ರಿಕೆ ಈ ಒಂದು ತಪ್ಪು ತಿಳಿವಳಿಕೆ ಬಿಡಿಸಿದರೆ ಅದೇ ದೊಡ್ಡ ಉಪಕಾರ.

ಇನ್ನು ಆ ಬಣ್ಣಗಳು. ಹಸಿರು ಅಂದ್ರೆ ಚಿಂತೆ ಇಲ್ಲ, ಹಳದಿ ಅಂದ್ರೆ ಗಮನ ಇಡಿ, ಕಿತ್ತಳೆ ಅಂದ್ರೆ ಸಿದ್ಧವಾಗಿರಿ, ಕೆಂಪು ಅಂದ್ರೆ ಈಗಲೇ ಕ್ರಮ ತೆಗೆದುಕೊಳ್ಳಿ. ಮುಖ್ಯವಾಗಿ ಆಡಳಿತ ನಡೆಸುವವರಿಗೆ ಅನುಕೂಲ ಆಗಲಿ ಅಂತ ಮಾಡಿದ ಲೆಕ್ಕ ಇದು. ನೀವು ಅದನ್ನು ಹಾಗೇ ಎತ್ತಿ 'ಆರು ಜಿಲ್ಲೆಗೆ ಯೆಲ್ಲೋ ಅಲರ್ಟ್' ಅಂತ ತಲೆಬರಹ ಕೊಡುತ್ತೀರಿ. ಓದಿದವನು ಯೆಲ್ಲೋ ಅಲ್ವಾ, ಬಿಡು ಅಂತ ಪುಟ ತಿರುಗಿಸುತ್ತಾನೆ. ನಮ್ಮ ಕಡೆ ಬೇಸಿಗೆಯ ಗುಡುಗು ಮಳೆಗೆ ಸಾಮಾನ್ಯವಾಗಿ ಕೊಡುವುದೇ ಹಳದಿ. ಬಡಿಯುವ ಸಿಡಿಲಿಗೆ ಹಳದಿ, ಕೆಂಪು ಅಂತ ಇರುವುದಿಲ್ಲ.

ತಂತ್ರಜ್ಞಾನಕ್ಕೇನೂ ಬರ ಇಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಆ್ಯಪ್ ಇದೆ, ನಾವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಸಿಡಿಲು ಬೀಳುತ್ತಿದ್ದರೆ ಹೇಳುತ್ತದೆ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ್ದೇ 'ಸಿಡಿಲು' ಅನ್ನುವ ಆ್ಯಪ್ ಇದೆ. ಅದೇ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ತಾನಾಗಿಯೇ ಮಾಹಿತಿ ಕಳಿಸುವ ಮಳೆ ಮಾಪಕ ಹಾಕಿದೆ, ಬೇರೆ ರಾಜ್ಯದವರು ನೋಡಿ ಕಲಿಯುವಂಥ ಕೆಲಸ ಅದು. 2024ರ ಅಕ್ಟೋಬರಿನಿಂದ ಹವಾಮಾನ ಇಲಾಖೆಯ ಪಂಚಾಯಿತಿ ಮಟ್ಟದ ಮುನ್ಸೂಚನೆ ಕೂಡ ಇ-ಗ್ರಾಮಸ್ವರಾಜ್ ಜಾಲತಾಣ, ಮೇರಿ ಪಂಚಾಯತ್ ಆ್ಯಪ್‌ನಲ್ಲಿ ಸಿಗುತ್ತಿದೆ. ಎಲ್ಲವೂ ಇದೆ, ಮೊಬೈಲಿನೊಳಗೆ. ಅದನ್ನು ಸೀಮೆಸುಣ್ಣದಲ್ಲಿ ಪಂಚಾಯಿತಿ ಬೋರ್ಡ್ ಮೇಲೆ ಬರೆದದ್ದನ್ನು ನಾನಂತೂ ಕಂಡಿಲ್ಲ.

ಹಿಂದೆ ಡಂಗುರ ಸಾರುತ್ತಿದ್ದರು. ಈಗ ಪ್ರತಿ ಊರಲ್ಲೂ ಮೈಕ್ ಇದೆ. ಗುಡಿಯಲ್ಲಿದೆ, ಮಸೀದಿಯಲ್ಲಿದೆ, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಪಂಚಾಯಿತಿ ಕಸದ ಗಾಡಿಯಲ್ಲೂ ಇದೆ. ಕಸದ ಗಾಡಿ ಬೆಳಿಗ್ಗೆ ಓಣಿ ಓಣಿ ಸುತ್ತುತ್ತದೆ, ಹಾಡಿನ ಮಧ್ಯೆ ಇವತ್ತು ಮಧ್ಯಾಹ್ನದ ಮೇಲೆ ಮಳೆ ಅಂತ ಒಂದು ಮಾತು ಸೇರಿಸಲು ಸರ್ಕಾರಿ ಆದೇಶ ಬೇಕಾ? ಬಹುಶಃ ಬೇಕು. ಹಾಗಾದ್ರೆ ಆ ಆದೇಶ ಯಾಕೆ ಬಂದಿಲ್ಲ ಅಂತ ಜಿಲ್ಲಾ ಪಂಚಾಯಿತಿಯಲ್ಲಿ ಕೇಳುವುದು ನಿಮ್ಮ ಕೆಲಸ.

ಬಿಸಿಲಿನ ಬಗ್ಗೆ ಒಂದೇ ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ ತನಕ. ಒಳ್ಳೆಯದೇ. ಫ್ಯಾನ್ ಕೆಳಗೆ ಕೂತವರಿಗೆ ಬಿಸಿಲು ತಾಗುತ್ತದೆ ಅಂತ ಒಪ್ಪಿಕೊಂಡ ಸರ್ಕಾರ ಇಟ್ಟಿಗೆ ಭಟ್ಟಿಯಲ್ಲಿ, ರಸ್ತೆ ಟಾರ್ ಹಾಕುವಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ನಿಂತವರಿಗೆ ಇನ್ನೂ ಬಿಗಿಯಾದ ನಿಯಮ ಮಾಡಬೇಕಲ್ವಾ? 2023ರ ಏಪ್ರಿಲ್‌ನಲ್ಲಿ ನವಿ ಮುಂಬೈಯ ಖಾರ್‌ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಅಂತ ಲಕ್ಷಾಂತರ ಜನರನ್ನು ಬಟ್ಟ ಬಯಲಲ್ಲಿ ಕೂರಿಸಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿಗೇ ಸತ್ತರು. ಅಂಥ ಸಮಾವೇಶ ನಮ್ಮಲ್ಲೂ ಏಪ್ರಿಲ್‌ನಲ್ಲೇ ನಡೆಯುತ್ತವೆ, ಶಾಮಿಯಾನ ಇರುವುದು ವೇದಿಕೆಗೆ ಮಾತ್ರ. 2010ರ ಮೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜೀವ ಕಳೆದುಕೊಂಡ ಅಹಮದಾಬಾದ್, 2013ರಲ್ಲಿ ಬಿಸಿಲಿಗೇ ಅಂತ ಒಂದು ಯೋಜನೆ ಮಾಡಿ ಯಾವ ಡಿಗ್ರಿಗೆ ಯಾರು ಏನು ಮಾಡಬೇಕು ಅಂತ ಬರೆದಿಟ್ಟಿತು. ಹಾಗೆ ಬರೆದಿಟ್ಟದ್ದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ.

ಬೆಂಗಳೂರಿನ ಓದುಗರು ಇದು ಹಳ್ಳಿಯ ಮಾತು ಅಂದುಕೊಳ್ಳಬಾರದು. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರಿನೊಳಗೆ ನೀರು ನುಗ್ಗಿ ಯುವತಿ ಸತ್ತದ್ದು, 2025ರ ಮಾರ್ಚ್‌ನಲ್ಲಿ ಮರ ಬಿದ್ದು ಪುಟ್ಟ ಮಗು ಹೋದದ್ದು, ಎರಡೂ ಮುಂಗಾರಿಗೆ ಮುಂಚೆ, ಸುಮ್ನೆ ಒಂದು ಸಂಜೆ ಮಳೆಗೆ. ಅಲ್ಲಿನ ಮಾತು ಅಲ್ಲಿನವರು ಬರೆಯಲಿ.

ಕೊನೆಗೆ ನಿಮ್ಮ ವರದಿಗಾರರ ವಿಷಯ. ಸಿಡಿಲು ಅಂದ ಕೂಡಲೇ ನಿಮ್ಮಲ್ಲಿ ತಪ್ಪದೆ ಬರುವುದು ಉರಿಯುವ ತೆಂಗಿನ ಮರದ ಫೋಟೊ. ಚೆನ್ನಾಗಿಯೇ ಇರುತ್ತದೆ. ಸಾವಿನ ಸುದ್ದಿಯಾದರೆ ಹೆಸರು, ವಯಸ್ಸು, ಊರು, ತಹಶೀಲ್ದಾರ್ ಭೇಟಿ, ಪರಿಹಾರದ ಭರವಸೆ. ಅವರು ಆ ಹೊತ್ತಿಗೆ ಹೊಲದಲ್ಲಿ ಏನು ಮಾಡುತ್ತಿದ್ದರು? ಆ ದಿನ ಎಚ್ಚರಿಕೆ ಹೊರಟದ್ದು ಎಷ್ಟು ಗಂಟೆಗೆ? ಪಂಚಾಯಿತಿಗೆ ತಲುಪಿತ್ತಾ, ತಲುಪಿದ್ದರೆ ಯಾರಿಗೆ ಹೇಳಿದರು? ಇಷ್ಟು ಕೇಳಿ ಬರೆಯಲು ಹೇಳಿ. ಒಂದು ಬೇಸಿಗೆ ಹೀಗೆ ಬರೆದರೆ ಸಾಕು, ಮುಂದಿನ ಬೇಸಿಗೆಗೆ ಕಸದ ಗಾಡಿಯ ಮೈಕ್ ತಾನಾಗಿಯೇ ಮಾತಾಡುತ್ತದೆ.

ಜೊತೆಗೆ ಸಿಡಿಲು ಬಡಿದವರನ್ನು ಮುಟ್ಟಬಾರದು, ಕರೆಂಟ್ ಹೊಡೆಯುತ್ತದೆ ಅಂತ ಸುತ್ತ ನಿಂತು ನೋಡುವುದು ಇನ್ನೂ ಇದೆ. ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಬಡಿದವರೆಲ್ಲ ಸಾಯುವುದೂ ಇಲ್ಲ. ಉಸಿರು, ನಾಡಿ ನಿಂತಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಮಿಂಚಿದ ಮೇಲೆ ಎಣಿಸಿ, 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಅಂತ ಲೆಕ್ಕ, ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಗೋಡೆ ಇಲ್ಲದ ತಗಡಿನ ಶೆಡ್ ಆಗುವುದಿಲ್ಲ. ಬಾಗಿಲು ಮುಚ್ಚಿದ ಬಸ್ಸು, ಕಾರು ಆಗುತ್ತದೆ, ಟ್ರ್ಯಾಕ್ಟರ್ ಆಗುವುದಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊಲಕ್ಕೆ ವಾಪಸ್ ಹೋಗಬಾರದು.

ಇದನ್ನೆಲ್ಲ ಅಂಗೈ ಅಗಲದ ಒಂದು ಬಾಕ್ಸ್‌ನಲ್ಲಿ, ದೊಡ್ಡ ಅಕ್ಷರದಲ್ಲಿ, ಏಪ್ರಿಲ್ ಎರಡನೇ ವಾರ ಅಶ್ವಿನಿ ಮಳೆ ಕೂಡುವುದರೊಳಗೆ ಒಮ್ಮೆ ಹಾಕಿ. ಕತ್ತರಿಸಿ ಅಂಗಡಿ ಶಟರ್ ಮೇಲೆ, ಹಾಲಿನ ಡೇರಿ ಬಾಗಿಲ ಮೇಲೆ ಅಂಟಿಸುವ ಕೆಲಸ ನನ್ನದು. ಬೇರೆ ಊರಿನ ಗೊಬ್ಬರದ ಅಂಗಡಿಯವರಿಗೂ ಹೇಳುತ್ತೇನೆ, ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ.

ಇಂತಿ,
ನಿಮ್ಮ ಓದುಗ, ಗೊಬ್ಬರ ಅಂಗಡಿಯವ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ